ದುಡ್ಡು ಕೊಟ್ಟ ಆಟ ನಮ್ಮ ಬಳಿಯೇ ಉಳಿಯಲಿ

ಈ ದಸರೆಗೋ ದೀಪಾವಳಿಗೋ ಮನೆಗೊಂದು ಗೇಮ್ ಕನ್ಸೋಲ್ ತರಬೇಕೆಂದು ದುಡ್ಡು ಕೂಡಿಡುತ್ತಿರುವ ಹುಡುಗ ಹುಡುಗಿಯರಿಗೆ, ಅವರ ಹಟಕ್ಕೆ ಮಣಿದು ಅಂಗಡಿಗೆ ಹೊರಟಿರುವ ಅಪ್ಪ ಅಮ್ಮಂದಿರಿಗೆ, ಗೇಮ್ ಅಂಗಡಿ ಇಟ್ಟುಕೊಂಡವರಿಗೆ, ಗ್ರಂಥಾಲಯ ನಡೆಸುವವರಿಗೆ, ಬೆಂಗಳೂರಿನ ಸ್ಟುಡಿಯೊಗಳಲ್ಲಿ ಕೂತು ಆಟಗಳನ್ನು ಕಟ್ಟುತ್ತಿರುವವರಿಗೆ ನನ್ನದೊಂದು ಕೋರಿಕೆ. ಸಿಡಿ ಹಾಕಲು ಜಾಗವಿರುವ ಕನ್ಸೋಲನ್ನೇ ಕೊಳ್ಳಿ. ಸಿಡಿಯಲ್ಲಿ ಸಿಗುವ ಆಟವನ್ನು ಸಿಡಿಯಲ್ಲೇ ಕೊಳ್ಳಿ. ಹಳೆಯ ಸಿಡಿ, ಹಳೆಯ ಕ್ಯಾಸೆಟ್, ಹಳೆಯ ಕನ್ಸೋಲ್ ಯಾವುದನ್ನೂ ಗುಜರಿಗೆ ಹಾಕಬೇಡಿ. ಜೊತೆಗೆ, ನಾವು ದುಡ್ಡು ಕೊಟ್ಟು ಪಡೆದ ಆಟವನ್ನು ಕಂಪನಿ ತನಗೆ ಬೇಕೆನಿಸಿದಾಗ ಕಿತ್ತುಕೊಳ್ಳದಂತೆ ತಡೆಯುವ ಕಾನೂನನ್ನು ಸರ್ಕಾರದಿಂದ ಕೇಳಿ.

ಆಟದ ಸಿಡಿಯ ಬಗ್ಗೆ ಇಷ್ಟೊಂದು ಮಾತೇ ಎಂದು ಕೆಲವರಿಗೆ ಅನ್ನಿಸಬಹುದು. ಇಂದು ಆಟಕ್ಕೆ ಆದದ್ದು ಪುಸ್ತಕಕ್ಕೆ, ಸಿನಿಮಾಕ್ಕೆ, ಹಾಡಿಗೆ ಆಗಲೇ ಆಗತೊಡಗಿದೆ. ಹಾಗಾಗಿ ಜೀವನದಲ್ಲಿ ಒಮ್ಮೆಯೂ ವಿಡಿಯೋ ಗೇಮ್ ಮುಟ್ಟದವರೂ ಈ ಮಾತನ್ನು ದಯವಿಟ್ಟು ಕೊನೆಯವರೆಗೆ ಓದಬೇಕು.

ಮೊದಲು ಬೆಲೆಯ ವಿಚಾರ ನೋಡೋಣ. ಅಂಗಡಿಯಲ್ಲಿ ಎಲ್ಲರನ್ನೂ ಸೋಲಿಸುವುದು ಅದೇ. ಸೋನಿ ಕಂಪನಿಯ ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರುವರಿಯಲ್ಲಿ ಬಂದಾಗ ಸಿಡಿ ಡ್ರೈವ್ ಇದ್ದದ್ದಕ್ಕೆ 49,990 ರೂಪಾಯಿ, ಡ್ರೈವ್ ಇಲ್ಲದ ಡಿಜಿಟಲ್ ಎಡಿಷನ್‌ಗೆ 39,990 ರೂಪಾಯಿ. ಹತ್ತು ಸಾವಿರ ಉಳಿಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ದೊಡ್ಡ ಕಂಪನಿಯ ಹೊಸ ಆಟವೊಂದಕ್ಕೆ ನಾಲ್ಕೈದು ಸಾವಿರ ಕೊಡಬೇಕು. ಸಿಡಿಯಾದರೆ ಆಡಿ ಮುಗಿಸಿ ಮಾರಬಹುದು, ಎಕ್ಸ್‌ಚೇಂಜ್ ಮಾಡಬಹುದು. ಒಂದೊಂದು ಆಟದಲ್ಲಿ ಎರಡೆರಡು ಸಾವಿರ ವಾಪಸ್ ಬಂದರೂ ಐದು ಆಟಕ್ಕೆ ಆ ಹತ್ತು ಸಾವಿರ ಸರಿಹೋಯಿತು. ಡ್ರೈವ್ ಇಲ್ಲದ ಕನ್ಸೋಲ್ ತಂದವರು ಹೆಚ್ಚುಕಡಿಮೆ ಒಂದೇ ಅಂಗಡಿಗೆ ಕಟ್ಟುಬೀಳುತ್ತಾರೆ, ಅದು ಆ ಕಂಪನಿಯದೇ ಆನ್‌ಲೈನ್ ಸ್ಟೋರ್. ಅಲ್ಲಿ ಚೌಕಾಸಿಯಿಲ್ಲ, ಸೆಕೆಂಡ್ ಹ್ಯಾಂಡ್ ಇಲ್ಲ, ಪಕ್ಕದ ಅಂಗಡಿಯಲ್ಲಿ ವಿಚಾರಿಸಿ ಬರುತ್ತೇನೆ ಎನ್ನುವ ಅವಕಾಶವಿಲ್ಲ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗಂತೂ ಆಮೇಲೆ ಬೇಕೆನಿಸಿದರೂ ಡ್ರೈವ್ ಜೋಡಿಸಲು ಬರುವುದಿಲ್ಲ. 2023ರಲ್ಲಿ ಬಂದ ತೆಳುವಾದ ಪ್ಲೇಸ್ಟೇಷನ್ 5ಕ್ಕೆ ಡ್ರೈವನ್ನು ಬೇರೆಯಾಗಿ ತಂದು ಜೋಡಿಸಬಹುದು, ಆದರೆ ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಮೂಲಕ ಕಂಪನಿಯ ಒಪ್ಪಿಗೆ ಸಿಕ್ಕರೇ ಅದು ಕೆಲಸ ಮಾಡುವುದು. 2024ರ ದುಬಾರಿ ಪ್ರೊ ಮಾದರಿಯ ಪೆಟ್ಟಿಗೆಯಲ್ಲಿ ಡ್ರೈವ್ ಇರಲೇ ಇಲ್ಲ. ಗಾಳಿ ಎತ್ತ ಬೀಸುತ್ತಿದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ನಮ್ಮೂರುಗಳಲ್ಲಿ ವಿಡಿಯೋ ಗೇಮ್ ಬೆಳೆದದ್ದೇ ಕೈಯಿಂದ ಕೈಗೆ ದಾಟುತ್ತ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಅಗ್ಗದ ಸೆಟ್ಟುಗಳಿದ್ದವು. ಬೇಸಿಗೆ ರಜೆಯಲ್ಲಿ ಒಬ್ಬರ ಮನೆಯ ಕಾಂಟ್ರಾ ಕ್ಯಾಸೆಟ್ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು, ಅವರ ಮಾರಿಯೊ ಇವರ ಮನೆಗೆ ಬರುತ್ತಿತ್ತು. ಆಮೇಲೆ ಪ್ಲೇಸ್ಟೇಷನ್ 2 ಬಂತು. ಹಾಸ್ಟೆಲ್ ರೂಮುಗಳಲ್ಲಿ ಒಂದು ಕ್ರಿಕೆಟ್ ಸಿಡಿಯನ್ನು ಇಡೀ ಮಹಡಿ ಆಡುತ್ತಿತ್ತು. ಹೊಸ ಆಟಕ್ಕೆ ದುಡ್ಡಿಲ್ಲದ ಮನೆಯ ಹುಡುಗನೂ ಆಟದಿಂದ ಹೊರಗುಳಿಯಲಿಲ್ಲ, ಏಕೆಂದರೆ ಕೊಂಡವನಿಗೆ ಕೊಡುವ ಹಕ್ಕಿತ್ತು. ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ. ಗೆಳೆಯನಿಗೆ ಎರವಲು ಕೊಡುವುದು, ತಮ್ಮನಿಗೆ ಬಿಟ್ಟುಕೊಡುವುದು, ಅರ್ಧ ಬೆಲೆಗೆ ಮಾರಿ ಬಂದ ದುಡ್ಡಿಗೆ ಇನ್ನೊಂದನ್ನು ತರುವುದು, ಇವೆಲ್ಲ ಕಂಪನಿ ನಮಗೆ ದಯಪಾಲಿಸಿದ ಸೌಲಭ್ಯಗಳಲ್ಲ. ಒಂದು ವಸ್ತು ನಮ್ಮದು ಎಂದಾದ ಮೇಲೆ ತಾವಾಗಿ ಬರುವ ಹಕ್ಕುಗಳು. ಡೌನ್‌ಲೋಡ್ ಮಾಡಿದ ಆಟಕ್ಕೆ ಇವು ಯಾವುವೂ ಇಲ್ಲ. ಆಟ ಅಕೌಂಟಿಗೆ ಅಂಟಿಕೊಂಡಿರುತ್ತದೆ, ಅಕೌಂಟ್ ಒಬ್ಬರ ಹೆಸರಿಗೆ ಅಂಟಿಕೊಂಡಿರುತ್ತದೆ. ಕಂಪ್ಯೂಟರ್ ಆಟಗಳ ಅತಿ ದೊಡ್ಡ ಮಳಿಗೆಯಾದ ಸ್ಟೀಮ್‌ನ ಕರಾರಿನಲ್ಲಿ, ಅಕೌಂಟನ್ನು ಬೇರೆಯವರಿಗೆ ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ ಎಂದು ಬರೆದಿದೆ. ಮಗನನ್ನು ಕಳೆದುಕೊಂಡ ಮನೆಯವರಿಗೆ ಅವನ ಪುಸ್ತಕ ಉಳಿಯುತ್ತದೆ, ಬೈಕ್ ಉಳಿಯುತ್ತದೆ. ಹತ್ತು ವರ್ಷ ಅವನು ದುಡ್ಡು ಹಾಕಿ ಕೂಡಿಸಿದ ಆಟಗಳು ಮಾತ್ರ ಕರಾರಿನ ಪ್ರಕಾರ ಅವರಿಗೆ ಸೇರುವುದಿಲ್ಲ.

ಇಂಟರ್ನೆಟ್ಟಿನ ಮಾತು ಬೇರೆಯೇ ಇದೆ. ದೊಡ್ಡ ಆಟಗಳು ಈಗ ನೂರು ಜಿಬಿ ದಾಟುತ್ತವೆ. ದಿನಕ್ಕೆ ಎರಡು ಜಿಬಿ ಕೊಡುವ ಮೊಬೈಲ್ ಪ್ಲಾನಿನಲ್ಲಿ ಬೇರೇನನ್ನೂ ನೋಡದೆ ಕೂತರೂ ನೂರು ಜಿಬಿ ಇಳಿಯಲು ಐವತ್ತು ದಿನ ಬೇಕು. ಮಲೆನಾಡಿನ ಎಷ್ಟೋ ಊರುಗಳಲ್ಲಿ ಫೈಬರ್ ತಂತಿ ಇನ್ನೂ ಮನೆ ಬಾಗಿಲಿಗೆ ಬಂದಿಲ್ಲ, ಬಂದ ಕಡೆಯೂ ಮಳೆಗಾಲದಲ್ಲಿ ಮರ ಬಿದ್ದರೆ ವಾರಗಟ್ಟಲೆ ಸಂಪರ್ಕವಿಲ್ಲ. ರೆಡ್ ಡೆಡ್ ರಿಡೆಂಪ್ಷನ್ 2 ಎಂಬ ಆಟ 2018ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಎರಡು ಸಿಡಿಗಳಲ್ಲಿ ಬಂತು. ಅದನ್ನು ಕಟ್ಟಿದ ತಂಡಗಳಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾದವರೂ ಇದ್ದರು. ಬೆಂಗಳೂರಿನ ಕೈಕೆಲಸ ಸೇರಿದ ಆ ಆಟ ಶೃಂಗೇರಿ ಕಡೆಯ ಹಳ್ಳಿಯ ಒಬ್ಬ ಹುಡುಗಿಗೆ ತಲುಪಬೇಕಾದರೆ ಇವತ್ತಿಗೂ ಸಿಡಿಯೇ ಹತ್ತಿರದ ದಾರಿ.

ಈಗ ನನ್ನ ಮನವಿಯ ಮುಖ್ಯ ಕಾರಣಕ್ಕೆ ಬರುತ್ತೇನೆ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರ ಡಿಸೆಂಬರಿನಲ್ಲಿ ‘ದಿ ಕ್ರ್ಯೂ’ ಎಂಬ ಕಾರ್ ರೇಸಿನ ಆಟವನ್ನು ತಂದಿತು. ಇಡೀ ಅಮೆರಿಕದ ನಕ್ಷೆಯನ್ನು ಕುಗ್ಗಿಸಿ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಕಾರು ಓಡಿಸಬಹುದಾದ ಆಟ ಅದು. ಒಬ್ಬರೇ ಕೂತು ಆಡುವ ಕಥೆಯೂ ಅದರೊಳಗೆ ಇತ್ತು. ಆದರೆ ಒಬ್ಬರೇ ಆಡುವಾಗಲೂ ಕಂಪನಿಯ ಸರ್ವರಿಗೆ ಸಂಪರ್ಕ ಇರಲೇಬೇಕು ಎಂದು ಅದನ್ನು ಕಟ್ಟಿದ್ದರು. 2023ರ ಡಿಸೆಂಬರ್ 14ರಂದು ಅದನ್ನು ಮಾರಾಟದಿಂದ ತೆಗೆದರು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಮಾರನೆಯ ದಿನದಿಂದ ಆ ಆಟ ಯಾರಿಗೂ ಇಲ್ಲ. ಡೌನ್‌ಲೋಡ್ ಮಾಡಿದವರಿಗೂ ಇಲ್ಲ, ಪೂರ್ತಿ ಬೆಲೆ ಕೊಟ್ಟು ಸಿಡಿ ತಂದವರಿಗೂ ಇಲ್ಲ. ಅಷ್ಟಕ್ಕೇ ನಿಲ್ಲದೆ, ಕೆಲವೇ ದಿನಗಳಲ್ಲಿ ಜನರ ಅಕೌಂಟುಗಳಿಂದ ಆ ಆಟದ ಪರವಾನಗಿಯನ್ನೂ ಹಿಂದಕ್ಕೆ ಪಡೆದರು. ಕೊನೆಯ ದಿನಗಳಲ್ಲಿ ಕೊಂಡ ಕೆಲವರಿಗೆ ಹಣ ವಾಪಸ್ಸಾಯಿತೇ ಹೊರತು, ವರ್ಷಗಳ ಹಿಂದೆ ಕೊಂಡವರಿಗೆ ಏನೂ ಬರಲಿಲ್ಲ.

ಸಿಡಿ ಇದ್ದೂ ಆಟ ಸತ್ತಿತಲ್ಲ, ಹಾಗಾದರೆ ಸಿಡಿ ಕೊಳ್ಳಿ ಎನ್ನುವುದೇಕೆ ಎಂದು ನೀವು ಕೇಳಬೇಕು. ಕೇಳಲೇಬೇಕಾದ ಪ್ರಶ್ನೆ ಅದು. ಸಿಡಿಯೊಂದೇ ಸಾಲದು ಎಂಬುದನ್ನು ಈ ಪ್ರಸಂಗ ತೋರಿಸಿತು, ನಿಜ. ಆದರೆ ದಿ ಕ್ರ್ಯೂನಂತೆ ಸದಾ ಸರ್ವರನ್ನು ಕೇಳುವ ಆಟಗಳು ಒಂದು ಬಗೆಯವು ಮಾತ್ರ. ಕಥೆ ಹೇಳುವ, ಒಬ್ಬರೇ ಆಡುವ ನೂರಾರು ಆಟಗಳು ಇಂದಿಗೂ ಸಿಡಿಯಿಂದಲೇ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಯಾವ ಆಟದ ಸಿಡಿ ಹಾಗೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಒಂದೊಂದನ್ನೇ ಹಾಕಿ ಪರೀಕ್ಷಿಸುವ ‘ಡಸ್ ಇಟ್ ಪ್ಲೇ’ ಎಂಬ ಸ್ವಯಂಸೇವಕರ ಬಳಗವೇ ಇದೆ. ಕೊಳ್ಳುವ ಮುಂಚೆ ಅವರ ಪಟ್ಟಿಯನ್ನೊಮ್ಮೆ ನೋಡಿ. ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇಂಟರ್ನೆಟ್ ಕಡ್ಡಾಯ ಎಂದಿದೆಯೇ ಎಂದೂ ಓದಿ. ನಿಂಟೆಂಡೊ ಕಂಪನಿ 2025ರ ಜೂನ್‌ನಲ್ಲಿ ತಂದ ಸ್ವಿಚ್ 2ಕ್ಕೆ ಬರುತ್ತಿರುವ ಎಷ್ಟೋ ಆಟಗಳು ‘ಗೇಮ್ ಕೀ ಕಾರ್ಡ್’ಗಳಲ್ಲಿವೆ. ನೋಡಲು ಅವು ಹಳೆಯ ಕ್ಯಾಸೆಟ್ಟಿನಂತೆಯೇ ಇವೆ. ಒಳಗೆ ಆಟ ಇಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಒಂದು ಕೀ ಇದೆ, ಅಷ್ಟೆ. ಕಾರ್ಡನ್ನು ಮಾರಬಹುದು, ಎರವಲು ಕೊಡಬಹುದು, ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಕಂಪನಿಯ ಸರ್ವರ್ ನಿಂತ ಮೇಲೆ ಹೊಸ ಕನ್ಸೋಲಿಗೆ ಆ ಕಾರ್ಡ್ ಹಾಕಿದರೆ ಆಟ ಬರುವುದಿಲ್ಲ.

ಸರ್ವರ್ ನಿಲ್ಲುವ ದಿನ ದೂರವಿದೆ ಎಂದು ಯಾರೂ ಸಮಾಧಾನ ಮಾಡಿಕೊಳ್ಳಬಾರದು. ನಿಂಟೆಂಡೊ ತನ್ನ ವೀ ಕನ್ಸೋಲಿನ ಆನ್‌ಲೈನ್ ಅಂಗಡಿಯನ್ನು 2019ರ ಜನವರಿಯಲ್ಲಿ ಮುಚ್ಚಿತು. 3ಡಿಎಸ್ ಮತ್ತು ವೀ ಯು ಅಂಗಡಿಗಳು 2023ರ ಮಾರ್ಚ್ 27ರಂದು ಮುಚ್ಚಿದವು. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360ರ ಅಂಗಡಿಗೆ 2024ರ ಜುಲೈ 29ರಂದು ಬಾಗಿಲು ಹಾಕಿತು. ಹಾಗೆ ಮುಚ್ಚಿದಾಗ, ಸಿಡಿಯಲ್ಲಿ ಎಂದೂ ಬಾರದೆ ಅಲ್ಲಿ ಮಾತ್ರ ಮಾರಾಟವಾಗುತ್ತಿದ್ದ ಸಣ್ಣ ಸಣ್ಣ ಆಟಗಳಲ್ಲಿ ಅನೇಕವು ನ್ಯಾಯವಾಗಿ ಕೊಳ್ಳುವ ದಾರಿಯೇ ಇಲ್ಲದಂತಾದವು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಆ ದೇಶದಲ್ಲಿ 2010ಕ್ಕೆ ಮುಂಚೆ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ಅದು ಹೇಳುತ್ತದೆ. ಅವುಗಳಲ್ಲಿ ಎಷ್ಟೋ ಆಟಗಳು ಇನ್ನೂ ಬದುಕಿರುವುದು ಯಾರದೋ ಮನೆಯ ಕಪಾಟಿನಲ್ಲಿ ಕ್ಯಾಸೆಟ್, ಸಿಡಿ ಉಳಿದುಕೊಂಡಿರುವುದರಿಂದ.

ಕನ್ನಡಿಗರಿಗೆ ಈ ನಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂತು. ಅದರ ಒಂದು ಪ್ರಿಂಟೂ ಇಂದು ಉಳಿದಿಲ್ಲ. ಸುಬ್ಬಯ್ಯ ನಾಯ್ಡು ಹೇಗೆ ನಟಿಸಿದರು, ತ್ರಿಪುರಾಂಬ ಹೇಗೆ ಮಾತಾಡಿದರು ಎಂಬುದನ್ನು ನಾವು ಫೋಟೊಗಳಿಂದಲೂ ಬರಹಗಳಿಂದಲೂ ಊಹಿಸಿಕೊಳ್ಳಬೇಕು. ಆಗ ಉಳಿಸಬೇಕೆಂದು ಯಾರಿಗೂ ತೋಚಲಿಲ್ಲ, ಸಿನಿಮಾ ಎಂದರೆ ಬಂದು ಹೋಗುವ ಮನರಂಜನೆ ಎಂದುಕೊಂಡಿದ್ದರು. ವಿಡಿಯೋ ಗೇಮಿನ ಬಗ್ಗೆ ನಾವಿಂದು ಯೋಚಿಸುತ್ತಿರುವುದೂ ಹಾಗೆಯೇ. ಹೈದರಾಬಾದಿನ ಆರೋನಾ ಟೆಕ್ನಾಲಜೀಸ್ 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ‘ಹನುಮಾನ್: ಬಾಯ್ ವಾರಿಯರ್’ ಎಂಬ ಆಟ ಮಾಡಿತು. ಆ ಕನ್ಸೋಲಿಗೆ ಭಾರತದಲ್ಲೇ ತಯಾರಾದ ಮೊದಲ ಆಟ ಅದು. ಅದರ ಹಿಂದೆಯೇ ‘ದೇಸಿ ಅಡ್ಡಾ’, ‘ಚಂದ್ರಗುಪ್ತ’ ಬಂದವು. ಆಟಗಳಾಗಿ ಅವು ಬಹಳ ಮೇಲ್ಮಟ್ಟದವು ಎಂದು ನಾನು ಹೇಳುವುದಿಲ್ಲ. ಆದರೆ ಕಬಡ್ಡಿಯನ್ನೂ ಗಾಳಿಪಟವನ್ನೂ ಕನ್ಸೋಲಿಗೆ ತರಬೇಕೆಂದು ನಮ್ಮವರು ಕೂತು ಮಾಡಿದ ಮೊದಮೊದಲ ಪ್ರಯತ್ನಗಳು ಅವು. ನಾಳೆ ಒಬ್ಬ ವಿದ್ಯಾರ್ಥಿ ಭಾರತದ ಗೇಮ್‌ಗಳ ಚರಿತ್ರೆ ಬರೆಯಹೊರಟರೆ ಆ ಸಿಡಿಗಳು ಬೇಕು, ಅವನ್ನು ಓಡಿಸುವ ಕನ್ಸೋಲ್ ಬೇಕು. ನಿಮ್ಮ ಅಟ್ಟದ ಮೇಲೆ ಇದ್ದರೆ ದಯವಿಟ್ಟು ಎಸೆಯಬೇಡಿ.

ಉಳಿಸಬೇಕಾದ ಸಂಸ್ಥೆಗಳ ಕೈಯನ್ನು ನಮ್ಮ ಕಾನೂನು ಇನ್ನೂ ಬಿಚ್ಚಿಲ್ಲ. ಪ್ರಕಾಶಕರು ಪುಸ್ತಕದ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಗ್ರಂಥಾಲಯಗಳಿಗೂ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಅದರಲ್ಲಿ ಪುಸ್ತಕವಿದೆ, ಪತ್ರಿಕೆಯಿದೆ, ವಿಡಿಯೋ ಗೇಮ್ ಇಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವೊಂದು ತನ್ನಲ್ಲಿ ಡಿಜಿಟಲ್ ಅಲ್ಲದ ಪ್ರತಿ ಇರುವ ಕೃತಿಯನ್ನು ಉಳಿಸುವುದಕ್ಕಾಗಿ ಡಿಜಿಟಲ್ ಆಗಿ ಸಂಗ್ರಹಿಸಿಡಬಹುದು ಎನ್ನುತ್ತದೆ. ಪುಸ್ತಕವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾತು ಅದು. ಹುಟ್ಟಿನಿಂದಲೇ ಡಿಜಿಟಲ್ ಆದ ಆಟಕ್ಕೆ ಅದು ಹೊಂದುವುದೇ ಇಲ್ಲ. ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯ 2000ದಿಂದಲೇ ವಿಡಿಯೋ ಗೇಮ್‌ಗಳನ್ನೂ ಪುಸ್ತಕದಂತೆ ಸಂಗ್ರಹಿಸುತ್ತಿದೆ. ಅದು 2025ರಲ್ಲಿ, ಕೀ ಕಾರ್ಡಿನೊಳಗೆ ಕೃತಿಯೇ ಇಲ್ಲದ ಕಾರಣ ಅವನ್ನು ತಾನು ಸಂಗ್ರಹಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ತಿಳಿಸಿತು. ಇಷ್ಟು ವ್ಯವಸ್ಥೆ ಇರುವ ದೇಶದ ಗ್ರಂಥಾಲಯವೇ ಕೈಚೆಲ್ಲುವಂತಾದರೆ, ವ್ಯವಸ್ಥೆಯೇ ಇಲ್ಲದ ನಮ್ಮ ಗತಿ ಏನು?

ಕೊಂಡದ್ದನ್ನು ಕಿತ್ತುಕೊಳ್ಳುವುದು ಆಟದ ಹೊರಗೂ ನಡೆದಿದೆ ಎಂದೆನಲ್ಲ. 2009ರ ಜುಲೈನಲ್ಲಿ ಅಮೆರಿಕದಲ್ಲಿ ಅಮೆಜಾನ್ ಕಂಪನಿಯ ಇ-ಪುಸ್ತಕ ಸಾಧನ ಕಿಂಡಲ್ ಇಟ್ಟುಕೊಂಡವರು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಕಾದಂಬರಿಗಳ ಕೆಲವು ಪ್ರತಿಗಳು ಅವರ ಸಾಧನಗಳಿಂದ ತಾವಾಗಿಯೇ ಮಾಯವಾದವು. ಮಾರಿದವರಿಗೆ ಅವನ್ನು ಮಾರುವ ಹಕ್ಕಿರಲಿಲ್ಲ ಎಂದು ಗೊತ್ತಾದಾಗ ಅಮೆಜಾನ್ ದೂರದಿಂದಲೇ ಅಳಿಸಿಹಾಕಿತ್ತು. ಹಣ ಮರಳಿಸಿತು, ಆಮೇಲೆ ಕಂಪನಿಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಆದರೆ ಕೊಂಡ ಪುಸ್ತಕವನ್ನು ನಮ್ಮ ಮನೆಯೊಳಗಿಂದಲೇ ತೆಗೆದುಕೊಂಡು ಹೋಗಬಹುದು ಎಂಬುದು ಅಂದೇ ರುಜುವಾತಾಯಿತು. 2023ರ ಡಿಸೆಂಬರಿನಲ್ಲಿ ಸೋನಿ, ಗ್ರಾಹಕರು ದುಡ್ಡು ಕೊಟ್ಟು ಪಡೆದಿದ್ದ ಡಿಸ್ಕವರಿ ಕಾರ್ಯಕ್ರಮಗಳು ಅವರ ಸಂಗ್ರಹದಿಂದ ಹೋಗಲಿವೆ ಎಂದು ಪ್ರಕಟಿಸಿತು. ಜನ ಸಿಟ್ಟಾದರು, ಆ ತಿಂಗಳೇ ಹೊಸ ಒಪ್ಪಂದ ಮಾಡಿಕೊಂಡು ನಿರ್ಧಾರ ಕೈಬಿಟ್ಟರು.

ಜನ ಸಿಟ್ಟಾದರೆ ಕಂಪನಿಗಳು ಹಿಂದೆ ಸರಿಯುತ್ತವೆ. ನಾನು ನಿಮ್ಮ ಮುಂದೆ ಬಂದಿರುವುದು ಈ ನಂಬಿಕೆಯಿಂದ. 2013ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಅನ್ನು ಘೋಷಿಸಿದಾಗ, ಕನ್ಸೋಲ್ ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ತಗುಲಿಕೊಳ್ಳಬೇಕು, ಸೆಕೆಂಡ್ ಹ್ಯಾಂಡ್ ಸಿಡಿಗೆ ಕಟ್ಟುಪಾಡಿರುತ್ತದೆ ಎಂದಿತ್ತು. ಆಟಗಾರರು ಒಪ್ಪಲಿಲ್ಲ. ಜೂನ್ 19ರಂದು, ಕನ್ಸೋಲ್ ಮಾರುಕಟ್ಟೆಗೆ ಬರುವ ಮುಂಚೆಯೇ, ಆ ನಿಯಮಗಳು ರದ್ದಾದವು. ಸೋನಿ 2021ರ ಮಾರ್ಚಿನಲ್ಲಿ ಪ್ಲೇಸ್ಟೇಷನ್ 3 ಮತ್ತು ವೀಟಾ ಅಂಗಡಿಗಳನ್ನು ಮುಚ್ಚುವುದಾಗಿ ಹೇಳಿ, ಏಪ್ರಿಲಿನಲ್ಲಿ ಆ ಮಾತನ್ನು ಹಿಂದಕ್ಕೆ ಪಡೆಯಿತು. ದಿ ಕ್ರ್ಯೂ ಸತ್ತ ಕೂಡಲೇ, 2024ರ ಏಪ್ರಿಲಿನಲ್ಲಿ, ರಾಸ್ ಸ್ಕಾಟ್ ಎಂಬುವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಆರಂಭಿಸಿದರು. ಯುರೋಪಿಯನ್ ಒಕ್ಕೂಟದಲ್ಲಿ ನಾಗರಿಕರು 10 ಲಕ್ಷ ಸಹಿ ಕೂಡಿಸಿದರೆ ಅಲ್ಲಿನ ಆಯೋಗ ಉತ್ತರ ಕೊಡಲೇಬೇಕು. 2025ರ ಜುಲೈನಲ್ಲಿ ಅವರು ಆ ಗೆರೆ ದಾಟಿದರು. ಬ್ರಿಟನ್ನಿನ ಮನವಿಯೂ 1 ಲಕ್ಷ ಸಹಿ ಮೀರಿ ಸಂಸತ್ತಿನಲ್ಲಿ ಚರ್ಚೆಗೆ ಬಂತು. ಅದೇ ಯೂಬಿಸಾಫ್ಟ್ ಮುಂದಿನ ‘ದಿ ಕ್ರ್ಯೂ 2’ ಆಟಕ್ಕೆ, ಸರ್ವರ್ ಇಲ್ಲದೆಯೂ ಆಡುವ ವ್ಯವಸ್ಥೆಯನ್ನು 2025ರಲ್ಲಿ ಕೊಟ್ಟಿತು. ಮೊದಲ ಆಟಕ್ಕೆ ಸಾಧ್ಯವಾಗದ್ದು ಎರಡನೆಯದಕ್ಕೆ ಹೇಗೆ ಸಾಧ್ಯವಾಯಿತು? ಕೇಳುವವರು ಇದ್ದರು, ಅದಕ್ಕೇ.

ಈ ಚಳವಳಿಗಾರರು ಕೇಳುತ್ತಿರುವುದನ್ನು ಅನೇಕರು ತಪ್ಪು ತಿಳಿಯುತ್ತಾರೆ. ಸರ್ವರನ್ನು ಕೊನೆಯಿಲ್ಲದೆ ನಡೆಸಿ ಎಂದು ಯಾರೂ ಹೇಳುತ್ತಿಲ್ಲ. ನಷ್ಟದಲ್ಲಿರುವ ಕಂಪನಿ ಸರ್ವರ್ ನಿಲ್ಲಿಸಲಿ. ನಿಲ್ಲಿಸುವಾಗ ಆಟವನ್ನು ಆಡಲು ಬರುವ ಸ್ಥಿತಿಯಲ್ಲಿ ಬಿಟ್ಟು ಹೋಗಲಿ, ಅಷ್ಟೆ. ಅದು ಆಗದಿದ್ದರೆ ಕೊಂಡವರ ಹಣವನ್ನಾದರೂ ಮರಳಿಸಲಿ. ಗೂಗಲ್ ಇಂಟರ್ನೆಟ್ ಮೂಲಕ ಆಟ ಆಡಿಸುತ್ತಿದ್ದ ತನ್ನ ಸ್ಟೇಡಿಯಾ ಸೇವೆಯನ್ನು 2023ರ ಜನವರಿಯಲ್ಲಿ ಮುಚ್ಚಿದಾಗ, ಜನ ತನ್ನ ಅಂಗಡಿಯಲ್ಲಿ ಕೊಂಡ ಆಟಗಳಿಗೂ ಕಂಟ್ರೋಲರುಗಳಿಗೂ ಹಣ ಹಿಂದಿರುಗಿಸಿತು. ಹಾಗೆ ಮಾಡಲು ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಡಿಜಿಟಲ್ ಎಂದ ಕೂಡಲೇ ಕೆಟ್ಟದ್ದು ಎನ್ನುವವನು ನಾನಲ್ಲ. ಸಿಡಿ ಅಚ್ಚು ಹಾಕಿಸಿ ದೇಶವೆಲ್ಲ ಹಂಚುವ ಶಕ್ತಿಯಿಲ್ಲದ ನಾಲ್ಕು ಜನರ ತಂಡವೂ ಇಂದು ಜಗತ್ತಿಗೆ ಆಟ ಮಾರುತ್ತಿರುವುದು ಆನ್‌ಲೈನ್ ಅಂಗಡಿಗಳಿಂದ. ಪುಣೆಯ ನೋಡಿಂಗ್ ಹೆಡ್ಸ್ ತಂಡದ ‘ರಾಜಿ’ ಆಟ ಹೊರದೇಶದ ಮನೆಗಳಿಗೆ 2020ರಲ್ಲಿ ತಲುಪಿದ್ದು ಮೊದಲು ಆ ದಾರಿಯಲ್ಲೇ. ಸಿಡಿಗೆ ಗೀರು ಬೀಳುತ್ತದೆ, ಬೂಷ್ಟು ಹಿಡಿಯುತ್ತದೆ, ಸಿಡಿ ಕಳೆದೂ ಹೋಗುತ್ತದೆ. ನನ್ನ ತಕರಾರು ಡೌನ್‌ಲೋಡಿನ ಮೇಲಲ್ಲ, ಅದಕ್ಕೆ ಜಡಿದ ಬೀಗದ ಮೇಲೆ. ಪೋಲೆಂಡಿನ ಗಾಗ್ ಎಂಬ ಮಳಿಗೆ 2008ರಿಂದ ಕಂಪ್ಯೂಟರ್ ಆಟಗಳನ್ನು ಬೀಗವಿಲ್ಲದ ಫೈಲ್ ಆಗಿಯೇ ಮಾರುತ್ತಿದೆ. ಇಳಿಸಿಕೊಂಡ ಫೈಲನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡರೆ ನಾಳೆ ಆ ಮಳಿಗೆ ಮುಚ್ಚಿದರೂ ಆಟ ನಡೆಯುತ್ತದೆ. ಕಂಪ್ಯೂಟರಿನಲ್ಲಿ ಆಡುವವರು ಮೊದಲು ಅಲ್ಲಿ ಹುಡುಕಿ. ಕನ್ಸೋಲಿನಲ್ಲಿ ಅಂಥ ಅಂಗಡಿ ತೆರೆಯಲು ಕಂಪನಿಗಳು ಯಾರಿಗೂ ಬಿಡದೆ ಇರುವುದರಿಂದ, ಅಲ್ಲಿ ನಮಗಿರುವ ರಕ್ಷಣೆ ಸಿಡಿಯೊಂದೇ. ಅದನ್ನು ಕೊಳ್ಳುವವರು ಕಡಿಮೆಯಾದಂತೆ ಅಚ್ಚು ಹಾಕುವವರೂ ನಿಲ್ಲಿಸುತ್ತಾರೆ. ಒಮ್ಮೆ ನಿಂತರೆ ಮತ್ತೆ ಶುರುವಾಗುವುದಿಲ್ಲ.

ಕ್ಯಾಲಿಫೋರ್ನಿಯಾ 2024ರಲ್ಲಿ ಒಂದು ಕಾನೂನು ಮಾಡಿತು, 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಡಿಜಿಟಲ್ ಆಟ, ಸಿನಿಮಾ, ಪುಸ್ತಕ ಮಾರುವವರು, ಗ್ರಾಹಕರಿಗೆ ಸಿಗುವುದು ಬರೀ ಪರವಾನಗಿ ಎಂಬುದನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಗುಂಡಿ ಇಡುವಂತಿಲ್ಲ. ಇಂಟರ್ನೆಟ್ ಇಲ್ಲದೆಯೂ ನಡೆಯುವಂತೆ ಶಾಶ್ವತವಾಗಿ ಇಳಿಸಿಕೊಳ್ಳಲು ಬಿಟ್ಟರೆ ಈ ಕಟ್ಟಳೆಯಿಲ್ಲ. ನಮ್ಮಲ್ಲಿ ಇಂಥದ್ದಕ್ಕೆ ಬೇಕಾದ ಬುನಾದಿ ಆಗಲೇ ಇದೆ. ಸಿಡಿಯಂಥ ಮಾಧ್ಯಮದಲ್ಲಿ ಮಾರುವ ಸಾಫ್ಟ್‌ವೇರ್ ಒಂದು ಸರಕು ಎಂದು ಟಾಟಾ ಕನ್ಸಲ್ಟೆನ್ಸಿ ಮತ್ತು ಆಂಧ್ರಪ್ರದೇಶದ ನಡುವಣ ತೆರಿಗೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ತೀರ್ಪು ಕೊಟ್ಟಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಕರಾರು’ ಎಂಬುದನ್ನು ವಿವರಿಸಲಾಗಿದೆ. ಸರಿಯಾದ ಕಾರಣವಿಲ್ಲದೆ ಒಬ್ಬರೇ ಏಕಪಕ್ಷೀಯವಾಗಿ ಕರಾರು ಮುರಿಯುವ ಹಕ್ಕು ಇಟ್ಟುಕೊಳ್ಳುವುದು ಅದರಲ್ಲಿ ಸೇರಿದೆ. ಅಂಥ ಕರಾರಿನ ವಿರುದ್ಧ ಬೆಂಗಳೂರಿನ ರಾಜ್ಯ ಗ್ರಾಹಕ ಆಯೋಗಕ್ಕೆ ದೂರು ಒಯ್ಯಬಹುದು. ಗ್ರಾಹಕರನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರಗಳ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ತಂತ್ರಗಳ ಪಟ್ಟಿಯಿದೆ. ಪರವಾನಗಿಯನ್ನು ಮಾರಾಟ ಎಂದು ತೋರಿಸುವುದೂ ಆ ಪಟ್ಟಿಗೆ ಸೇರಲಿ ಎಂದು ನಾವು ಕೇಳಬೇಕು.

ಕೇಳುವುದು ಕಷ್ಟವೇನಲ್ಲ. ನೀವು ದುಡ್ಡು ಕೊಟ್ಟ ಆಟ, ಪುಸ್ತಕ, ಸಿನಿಮಾ ಯಾವುದಾದರೂ ಅಕೌಂಟಿನಿಂದ ಕಾಣೆಯಾದರೆ ಹೋಗಲಿ ಎಂದು ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ದೂರು ಹೇಳಬಹುದು. ರಸೀದಿ, ಕಂಪನಿ ಕಳಿಸಿದ ಮೇಲ್, ಪರದೆಯ ಫೋಟೊ ಇಟ್ಟುಕೊಳ್ಳಿ. ನೂರು ಜನ ಹಾಗೆ ದೂರಿತ್ತರೆ ಅದು ಕಡತವಾಗುತ್ತದೆ, ಕಡತವಿದ್ದರೆ ಸಂಸದರು ಪ್ರಶ್ನೆ ಕೇಳಬಹುದು. ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪುಟದ ಪತ್ರ ಬರೆಯಿರಿ. ಸರ್ವರ್ ನಿಂತರೂ ಆಟ ಆಡುವಂತಿರಬೇಕು, ಆಗದಿದ್ದರೆ ಹಣ ವಾಪಸ್ ಬರಬೇಕು, ಸರ್ವರ್ ಎಷ್ಟು ಕಾಲ ನಡೆಯುತ್ತದೆ ಎಂಬುದನ್ನು ಮಾರುವಾಗಲೇ ಪೆಟ್ಟಿಗೆಯ ಮೇಲೆ ಬರೆಯಬೇಕು, ಇಷ್ಟನ್ನು ಕೇಳಿದರೆ ಸಾಕು.

ರಾಜ್ಯ ಸರ್ಕಾರಕ್ಕೂ ನನ್ನ ಅಹವಾಲು ಇದೆ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲು ನೀತಿ ತಂದ ರಾಜ್ಯ ಕರ್ನಾಟಕ, 2012ರಲ್ಲಿ. ಈಗ 2024ರಿಂದ 2029ರವರೆಗಿನ ನೀತಿ ಜಾರಿಯಲ್ಲಿದೆ. ಉದ್ಯೋಗಕ್ಕೆ, ತರಬೇತಿಗೆ, ಹೂಡಿಕೆಗೆ ಕೊಡುವ ಬೆಂಬಲದ ಜೊತೆಗೆ ಉಳಿಸುವ ಕೆಲಸಕ್ಕೂ ಒಂದು ಪಾಲು ಇಡಿ. ರಾಜ್ಯದ ಪ್ರೋತ್ಸಾಹಧನ ಪಡೆದು ತಯಾರಾದ ಪ್ರತಿಯೊಂದು ಆಟದ ಒಂದು ಪೂರ್ಣ ಪ್ರತಿ, ಬೀಗವಿಲ್ಲದೆ ನಡೆಯುವಂಥದ್ದು, ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಸೇರಬೇಕೆಂಬ ಷರತ್ತು ಹಾಕಿ. ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡದಲ್ಲಿ ಒಂದು ಕೋಣೆ, ನಾಲ್ಕಾರು ಹಳೆಯ ಕನ್ಸೋಲ್, ಅವನ್ನು ದುರಸ್ತಿ ಮಾಡಬಲ್ಲ ಒಬ್ಬರು ಇದ್ದರೆ ಆರಂಭಕ್ಕೆ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅಂಥ ಕೈಗಳಿಗೆ ಬರವಿಲ್ಲ.

ಗೇಮ್ ಅಂಗಡಿಯವರೇ, ಎಕ್ಸ್‌ಚೇಂಜ್ ನಿಲ್ಲಿಸಬೇಡಿ. ಗಿರಾಕಿ ಡಿಜಿಟಲ್ ಎಡಿಷನ್ ಕೇಳಿದಾಗ ಅದಕ್ಕೆ ಸಿಡಿ ಹಾಕಲು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ, ಎಷ್ಟೋ ಮನೆಯವರಿಗೆ ಪೆಟ್ಟಿಗೆ ಬಿಚ್ಚಿದ ಮೇಲೆಯೇ ಅದು ಗೊತ್ತಾಗುತ್ತದೆ. ಅಪ್ಪ ಅಮ್ಮಂದಿರೇ, ಮಕ್ಕಳು ಬೆಳೆದು ಆಡುವುದನ್ನು ಬಿಟ್ಟರೆಂದು ಸಿಡಿಗಳನ್ನು ಹಳೇ ಪೇಪರಿನವನಿಗೆ ಕೊಡಬೇಡಿ. ಡಬ್ಬಿಯಲ್ಲೇ ನಿಲ್ಲಿಸಿ, ಬಿಸಿಲು ತೇವ ಎರಡೂ ತಾಗದ ಕಡೆ ಇಡಿ. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಡಬ್ಬಿಗಳ ನಡುವೆ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿಡಿ. ಕನ್ಸೋಲನ್ನು ವರ್ಷಕ್ಕೆ ಒಂದೆರಡು ಸಲ ಹೊತ್ತಿಸಿ ನೋಡಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಆಡುವ ಇನ್ನೊಂದು ಮನೆಗೆ ಕೊಡಿ.

ಬೆಂಗಳೂರಿನ ಗೇಮ್ ಸ್ಟುಡಿಯೊಗಳ ಗೆಳೆಯರಿಗೆ ಕೊನೆಯದಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಕೈಯಲ್ಲಿ ಇರುವಷ್ಟು ನಮ್ಮ ಕೈಯಲ್ಲಿಲ್ಲ. ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ 1997ರಲ್ಲಿ ಈ ಊರಿನಲ್ಲಿ ಆಟದ ಕೆಲಸ ಆರಂಭಿಸಿದಾಗಿನಿಂದ ಸಾವಿರಾರು ಜನ ಇಲ್ಲಿ ಕೂತು ಜಗತ್ತಿನ ಆಟಗಳಿಗೆ ಗೋಡೆ, ಮರ, ಮುಖ, ಕಾರು ಮಾಡಿಕೊಟ್ಟಿದ್ದೀರಿ. ಸರ್ವರ್ ನಿಂತ ದಿನ ನಿಮ್ಮ ವರ್ಷಗಳ ಕೆಲಸವೂ ಅಳಿಯುತ್ತದೆ. 2023ರಲ್ಲಿ ‘ನಾಕೌಟ್ ಸಿಟಿ’ ಎಂಬ ಆಟದ ಸರ್ವರ್ ಮುಚ್ಚುವಾಗ ಅದರ ತಯಾರಕರು, ಆಟಗಾರರು ತಾವೇ ಸರ್ವರ್ ನಡೆಸಿಕೊಳ್ಳುವಂಥ ಆವೃತ್ತಿಯೊಂದನ್ನು ಉಚಿತವಾಗಿ ಬಿಟ್ಟುಕೊಟ್ಟರು. ಹಾಗೆ ಬಿಟ್ಟುಕೊಡುವುದು ಕೊನೆಯ ವಾರದಲ್ಲಿ ಯೋಚಿಸಿದರೆ ದುಬಾರಿ, ಮೊದಲ ವಿನ್ಯಾಸದಲ್ಲೇ ಸೇರಿಸಿದರೆ ಹಗುರ. ನಿಮ್ಮ ಮುಂದಿನ ಆಟದ ಮೊದಲ ಮೀಟಿಂಗಿನಲ್ಲಿ ಒಬ್ಬರಾದರೂ ಎದ್ದು, ನಮ್ಮ ಸರ್ವರ್ ಇಲ್ಲದೆ ಇದನ್ನು ಆಡುವುದು ಹೇಗೆ ಎಂದು ಕೇಳಿ, ಬಂದ ಉತ್ತರವನ್ನು ವಿನ್ಯಾಸದ ಕಡತದಲ್ಲಿ ಬರೆಸಿ.